ಹೊಟ್ಟೆ ತುಂಬಿದೆ ಎಂದ ನಲವತ್ತಮೂರು ಹುಡುಗರು

ನಮ್ಮೂರ ಖಲ್ವಾದಲ್ಲಿ, ಅಂದರೆ ಕುರಾನ್ ಪಾಠಶಾಲೆಯಲ್ಲಿ, ಓದಿ ಹೋದವರು ಈಗ ಎಲ್ಲೆಲ್ಲೋ ಇದ್ದಾರೆ. ಒಬ್ಬ ಪೋರ್ಟ್ ಸುಡಾನಿನಲ್ಲಿ ಹಡಗುಕಟ್ಟೆಯ ಸಾಹೇಬ, ಇನ್ನೊಬ್ಬ ಖಾರ್ಟೂಮಿನಲ್ಲಿ ವಕೀಲ. ಊರಿಗೆ ಬಂದಾಗ ಗುರು ಶೇಖ್ ದಫಲ್ಲಾ ಅವರ ಗೋರಿಯ ಬಳಿ ನಿಂತು ಪ್ರಾರ್ಥಿಸಿ, ಆಮೇಲೆ ನನ್ನ ಅಂಗಡಿಗೆ ಬಂದು ಕೇಳುವುದು ಒಂದೇ ಮಾತು: "ತೋಮಾ ಅಜ್ಜಿಯ ಮುದ್ದೆ ನೆನಪಿದೆಯಾ ಬದವಿ?" ಕುರಾನಿನ ಯಾವ ಅಧ್ಯಾಯ ಮರೆತಿದ್ದಾರೆ ಎಂದು ಅವರು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಮುದ್ದೆಯನ್ನು ಮಾತ್ರ ಯಾರೂ ಮರೆತಿಲ್ಲ.

ತೋಮಾ ಖಲ್ವಾದ ಅಡುಗೆಯವಳು. ನಮ್ಮೂರು, ಸುತ್ತಲ ಹಳ್ಳಿಗಳಿಂದ ಮನೆ ಬಿಟ್ಟು ಬಂದು, ಅಲ್ಲೇ ಮಲಗಿ, ಅಲ್ಲೇ ಬಾಯಿಪಾಠ ಮಾಡುವ ನಲವತ್ತಮೂರು ಹುಡುಗರಿಗೆ ದಿನಕ್ಕೆ ಎರಡು ಹೊತ್ತು ಜೋಳದ ಮುದ್ದೆ, ಒಣಬೆಂಡೆ ಪುಡಿಯ ಲೋಳೆ ಸಾರು. ಮುದ್ದೆಕೋಲು ತಿರುವಿ ತಿರುವಿ ಅವಳ ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪವಾಗಿತ್ತು. ಯಾರ ಮೇಲಾದರೂ ಸಿಟ್ಟು ಬಂದರೆ ಎಡಗೈ ಎತ್ತುತ್ತಿದ್ದಳು. ಬಲಗೈ ಎತ್ತಿದರೆ ಜೀವಕ್ಕೆ ಅಪಾಯ ಎಂದು ಅವಳಿಗೇ ಗೊತ್ತಿತ್ತು.

ಅವಳಿಗೆ ಒಂದೇ ಒಂದು ಗರ್ವ. ತನ್ನ ಹಂಡೆಯ ಮುಂದೆ ಕೂತ ಹುಡುಗ ಹಸಿದು ಎದ್ದ ಎಂದು ಯಾರೂ ಹೇಳಬಾರದು. ಅದಕ್ಕಾಗಿ ಹೊಸ ಹುಡುಗ ಬಂದ ದಿನವೇ ಶೇಖರ ಪಾಠಕ್ಕಿಂತ ಮೊದಲು ಅವಳ ಪಾಠ ಆಗುತ್ತಿತ್ತು.

"ಮನೆಗೆ ಬಂದ ಅತಿಥಿ 'ಊಟ ಆಯ್ತೇನೋ?' ಅಂತ ಕೇಳಿದ್ರೆ ಏನಂತೀರಿ?"

"ಹೊಟ್ಟೆ ತುಂಬಿದೆ ಅಜ್ಜಿ, ಅಲ್‌ಹಮ್ದುಲಿಲ್ಲಾ!"

"ಹೊಟ್ಟೆ ಚುರ್ ಅಂತಿದ್ರೂ?"

"ತುಂಬಿದೆ, ಅಲ್‌ಹಮ್ದುಲಿಲ್ಲಾ!"

"ಯಾವನಾದ್ರೂ 'ಹಸಿವು' ಅಂತ ಬಾಯಿಬಿಟ್ರೆ ನನ್ನ ಮುಖಕ್ಕೆ ಮಸಿ ಬಳಿದಂಗೆ. ಅವತ್ತಿಂದ ಅವನಿಗೆ ತಳ ಹಿಡಿದ ಮುದ್ದೆನೇ ಗತಿ."

ಈ ಪಾಠವನ್ನು ಯಾವ ಹುಡುಗನೂ ತಪ್ಪಿದ್ದಿಲ್ಲ. ಶೇಖರಿಗೆ ಈ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚಿತ್ತು ಎಂದು ನನ್ನ ಅನುಮಾನ.

ತೋಮಾಳ ಗಂಡ ಕಾಲುವೆಯ ತೂಬು ಕಾಯುತ್ತಿದ್ದ. ಗೆಜೀರಾ ಸೀಮೆಯ ಹತ್ತಿಗೆ ನೀರು ಬಿಡುವ ಕೆಲಸ. ಇಪ್ಪತ್ತು ವರ್ಷ ಸೊಂಟದವರೆಗೆ ನೀರಲ್ಲಿ ನಿಂತು ಜೊಂಡು ಕಿತ್ತ. ಹುಡುಗನಾಗಿದ್ದಾಗಿನಿಂದಲೂ ಅವನ ಮೂತ್ರದ ಕೊನೆಯ ಹನಿಗಳು ಕೆಂಪು. ನಮ್ಮೆಲ್ಲರದೂ ಹಾಗೇ ಇತ್ತು. ಕಾಲುವೆ ಪಕ್ಕ ಹುಟ್ಟಿದ ಗಂಡಿಗೆ ಅದೂ ಮೀಸೆಯ ಹಾಗೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೆವು. ಅವನದು ನಿಲ್ಲಲಿಲ್ಲ. ನಲವತ್ತಾರನೆಯ ವಯಸ್ಸಿಗೆ ಮೂತ್ರಚೀಲದಲ್ಲಿ ಗಡ್ಡೆ ಎಂದರು. ಕೊನೆಯ ತಿಂಗಳು ಅವನು ಮೂತ್ರಕ್ಕೆಂದು ಹಿತ್ತಲ ಗೋಡೆಗೆ ಹಣೆ ಒತ್ತಿ ನಿಂತು ನರಳುವುದು ನನ್ನ ಅಂಗಡಿಗೂ ಕೇಳುತ್ತಿತ್ತು.

ಅವಳ ಮಗಳ ಮಗ ಹಸ್ಬೂ. ಒಂಬತ್ತು ವರ್ಷ, ಅದೇ ಖಲ್ವಾದಲ್ಲಿ. ಒಂದು ದಿನ ಸಾರಿಗೆ ನೀರು ತರಲು ಹೋದ ತೋಮಾ, ಅವನು ಖಲ್ವಾದ ಹಿಂಗೋಡೆಗೆ ಹಣೆ ಒತ್ತಿ ನಿಂತಿದ್ದನ್ನು ಕಂಡಳು. ತಾತನ ಹಾಗೆಯೇ, ಎರಡು ಅಂಗೈ ಗೋಡೆಗೆ ಊರಿ.

ಕೊಡ ಅಲ್ಲೇ ಇಟ್ಟು ನೇರ ಶೇಖರ ಚಾಪೆಯ ಮುಂದೆ ಬಂದು ನಿಂತಳು. "ಸರ್ಕಾರಿ ಶಾಲೆ ಮಕ್ಕಳಿಗೆಲ್ಲಾ ಕೆಂಪು ಉಚ್ಚೆ ಹುಳದ ಮಾತ್ರೆ ಕೊಟ್ರಂತೆ. ನಮ್ಮ ಮಕ್ಕಳಿಗೆ ಯಾಕಿಲ್ಲ?"

"ಶಾಲೆಯ ಪಟ್ಟಿಯಲ್ಲಿ ಇವರ ಹೆಸರಿಲ್ಲ ತೋಮಾ. ಇವರು ಓದೋದು ದೇವರ ಮಾತು."

"ದೇವರ ಮಾತು ಓದೋರ ಉಚ್ಚೆಗೆ ಹುಳ ಬರಲ್ವಾ?"

ಶೇಖ್ ಕಣ್ಣು ಮುಚ್ಚಿ ಜಪಮಾಲೆ ತಿರುವಿದರು. ಅವಳು ಎರಡು ತಿಂಗಳು ಬಿಡಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು, ಒಂದು ದಿನ ಶೇಖರ ತಟ್ಟೆಗೆ ಮಾತ್ರ ಇರಲೇ ಇಲ್ಲ. ಕೊನೆಗೆ ಶೇಖ್ ನನ್ನ ಕೈಯಲ್ಲಿ ಕಾಗದ ಬರೆಸಿ ವದ್ ಮದನಿಯ ಆರೋಗ್ಯ ಇಲಾಖೆಗೆ ಕಳಿಸಿದರು.

ಮೊದಲು ಸೀಸೆಗಳು ಬಂದವು. ಹುಡುಗರು ಮೂತ್ರ ತುಂಬಿಸಿ ಕೊಟ್ಟರು. ಯಾರದು ಹೆಚ್ಚು ಕೆಂಪು ಎಂದು ಪಂದ್ಯವೂ ನಡೆಯಿತು, ಹಸ್ಬೂ ಗೆದ್ದ. ನಲವತ್ತಮೂರರಲ್ಲಿ ಮೂವತ್ತೊಂಬತ್ತು ಸೀಸೆಗಳಲ್ಲಿ ಹುಳದ ಮೊಟ್ಟೆ. ಆಮೇಲೆ ಹೇಳಿಕೆ ಬಂತು: ಇಂಥ ದಿನ ಬರುತ್ತೇವೆ, ಎಂಟು ಗಂಟೆಯೊಳಗೆ ಮಕ್ಕಳಿಗೆ ಹೊಟ್ಟೆ ತುಂಬಾ ಉಣಿಸಿರಿ, ಖಾಲಿ ಹೊಟ್ಟೆಗೆ ಮಾತ್ರೆ ಕೂಡದು. ಆ ಸಾಲನ್ನು ತೋಮಾ ನನ್ನಿಂದ ಮೂರು ಸಲ ಓದಿಸಿಕೊಂಡಳು. "ನನಗೇ ಉಣಿಸೋದು ಹೇಳಿಕೊಡ್ತಾನಲ್ಲ ಇವ್ನು," ಎಂದು ಮೂಗು ಮುರಿದಳು.

ಆ ದಿನ ಎಂಟೂವರೆಗೆ ಲಾರಿ ಬಂತು. ಇಳಿದವನು ಮುತಸಿಮ್ ಎಂಬ ಆರೋಗ್ಯ ಇಲಾಖೆಯ ಹುಡುಗ, ಇಪ್ಪತ್ನಾಲ್ಕು ಇಪ್ಪತ್ತೈದು ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಅವನ ಕೈಯಲ್ಲಿ ಆಳೆತ್ತರದ ಮರದ ಕೋಲು, ಅದರ ಮೇಲೆ ಕೆಂಪು ಗೆರೆಗಳು. ಹುಡುಗನನ್ನು ಕೋಲಿಗೆ ಒರಗಿಸಿ ನಿಲ್ಲಿಸುವುದು, ತಲೆ ಯಾವ ಗೆರೆ ಮುಟ್ಟುತ್ತದೋ ಅಷ್ಟು ಮಾತ್ರೆ. ತಕ್ಕಡಿ ಬೇಡ, ತೂಕ ಬೇಡ. ಮೂವತ್ತು ವರ್ಷ ತಕ್ಕಡಿ ಹಿಡಿದ ನನಗೆ ಇದು ತಮಾಷೆಯಾಗಿ ಕಂಡು, ಅಂಗಡಿ ತೆರೆಯುವುದನ್ನೂ ಬಿಟ್ಟು ಬೇವಿನ ಮರದ ಕೆಳಗೆ ನಿಂತುಬಿಟ್ಟೆ.

ಹುಡುಗರು ಸಾಲಾಗಿ ಕೂತಿದ್ದರು. ಮುತಸಿಮ್ ಬರೆದುಕೊಂಡ ಚೀಟಿ ನೋಡಿ ಕೇಳಿದ: "ಮಕ್ಕಳೇ, ಎಲ್ಲರದೂ ಊಟ ಆಯ್ತಾ?"

ನಲವತ್ತಮೂರು ಬಾಯಿ ಒಟ್ಟಿಗೆ ತೆರೆದವು. "ಹೊಟ್ಟೆ ತುಂಬಿದೆ, ಅಲ್‌ಹಮ್ದುಲಿಲ್ಲಾ!"

ಬೇವಿನ ಮೇಲಿನ ಪಾರಿವಾಳಗಳು ಹಾರಿಹೋದವು. ಮುತಸಿಮ್‌ಗೆ ತುಂಬಾ ಸಂತೋಷವಾಯಿತು. ಅವನನ್ನು ಸಾಕಿದ ತಾಯಿಯೂ ಇದೇ ಪಾಠ ಕಲಿಸಿದ್ದಿರಬೇಕು. ಆದರೆ ಕೈಗೆ ಕೋಲು ಬಂದ ಮೇಲೆ ಮನುಷ್ಯನಿಗೆ ತಾಯಿಯ ಪಾಠ ನೆನಪಿರುವುದಿಲ್ಲ. ಮಾತ್ರೆ ಹಂಚಿದ. ಕಹಿಗೆ ಹುಡುಗರು ಮುಖ ಕಿವುಚಿ ನುಂಗಿದರು. ಹಸ್ಬೂ ತನ್ನ ಎರಡನ್ನೂ ಒಂದೇ ಸಲ ನುಂಗಿ ಬಾಯಿ ತೆರೆದು ತೋರಿಸಿದ.

ಆ ಹೊತ್ತಿಗೆ ತೋಮಾ ಎಲ್ಲಿದ್ದಳು ಎಂಬುದು ನನಗೆ ಆಮೇಲೆ ತಿಳಿದದ್ದು. ಬೂದಿಯಡಿ ಮುಚ್ಚಿಟ್ಟ ಕೆಂಡ ಅಂದು ಆರಿಹೋಗಿತ್ತು. ಕಡ್ಡಿಪೆಟ್ಟಿಗೆ ತೆಗೆದಳು, ಒಂದೊಂದೇ ಗೀರಿದಳು, ಒಂದೂ ಹತ್ತಲಿಲ್ಲ. ನನ್ನ ಅಂಗಡಿಗೆ ಬಂದಳು, ಬಾಗಿಲು ಹಾಕಿತ್ತು. ಅಕ್ಕಪಕ್ಕದ ಮನೆಗಳವರೆಲ್ಲ ಬೆಳಕು ಹರಿಯುವ ಮೊದಲೇ ಹತ್ತಿ ಬಿಡಿಸಲು ಹೋಗಿದ್ದರು. ಊರ ಕೊನೆಯ ಮನೆಯಿಂದ ಬಾಣಲೆಯಲ್ಲಿ ಬೆಂಕಿ ಹೊತ್ತು ಓಡೋಡಿ ಬಂದಾಗ ಖಲ್ವಾದ ಅಂಗಳದಲ್ಲಿ ಹುಡುಗರು ಮಾತ್ರೆಯ ಪುಡಿ ಒರೆಸಿಕೊಳ್ಳುತ್ತಿದ್ದರು. ನೇರ ಹಿತ್ತಲಿಗೆ ಹೋಗಿ ಹತ್ತಿಕಡ್ಡಿ ಉರಿಸಿ ಹಂಡೆ ಏರಿಸಿದಳು. ನೀರು ಕುದಿಯುವಷ್ಟು ಹೊತ್ತು ಸಿಕ್ಕರೆ ಸಾಕು ಎಂದುಕೊಂಡಿದ್ದಳಂತೆ.

ಸಿಗಲಿಲ್ಲ. ಮೊದಲು ಗೋಡೆ ಪಕ್ಕದ ಹುಡುಗ ಹೊಟ್ಟೆ ಹಿಡಿದುಕೊಂಡ. ಅವನ ಪಕ್ಕದವನು ವಾಂತಿ ಮಾಡಿದ. ಆಮೇಲೆ ಸಾಲು ಸಾಲೇ ಮುರಿಯಿತು. ಕೆಲವರು ತಲೆ ತಿರುಗುತ್ತದೆ ಎಂದು ಕೂತರು, ಕೆಲವರು ಅದನ್ನು ನೋಡಿಯೇ ಅತ್ತರು. ಹಸ್ಬೂ ನುಂಗಿದ್ದನ್ನು ಕಕ್ಕಿ, ಎದ್ದು ಹಿತ್ತಲ ಕಡೆ ನಾಲ್ಕು ಹೆಜ್ಜೆ ಇಟ್ಟ, "ಅಜ್ಜೀ" ಎಂದ, ಅಷ್ಟೇ. ನಿಲುವಂಗಿ ನೆಲಕ್ಕೆ ಬಿದ್ದ ಹಾಗೆ ಸದ್ದಿಲ್ಲದೆ ಬಿದ್ದ.

ಹತ್ತಿ ಹೊಲಕ್ಕೆ ಸುದ್ದಿ ಹೇಗೆ ಮುಟ್ಟಿತೋ ತಿಳಿಯದು. ಅರ್ಧ ಗಂಟೆಯೊಳಗೆ ಅಪ್ಪಂದಿರು ಬಂದರು. ಕೆಲವರ ಕೈಯಲ್ಲಿ ಗುದ್ದಲಿ, ಕೆಲವರ ಕೈಯಲ್ಲಿ ಕೋಲು. ಎಲ್ಲರ ಮುಂದೆ ಹಾಜಿ ಅಬ್ಬಶರ್. ಎಪ್ಪತ್ತು ದಾಟಿದ ಮುದುಕ, ಹಿಂದೆ ಇದೇ ಹುಳಕ್ಕೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡವನು.

"ಗೊತ್ತಿತ್ತು ನನಗೆ!" ಎಂದು ಕೂಗಿದ. "ಆಗ್ಲೂ ಹಿಂಗೇ ಕಕ್ಕಿಸಿದ್ರು. ನನ್ ಜೊತೆ ಸೂಜಿ ಹಾಕಿಸ್ಕೊಂಡ ಇಬ್ರು ಮನೆಗೆ ಬರ್ಲೇ ಇಲ್ಲ. ವಿಷ ಕಣ್ರೋ! ಆಗ ಸೂಜೀಲಿ, ಈಗ ಮಾತ್ರೇಲಿ!"

ಮುತಸಿಮ್ ಹಸ್ಬೂನ ನಾಡಿ ಹಿಡಿದು ಕೂತಿದ್ದ. ಯಾರೋ ಅವನ ಇಸ್ತ್ರಿ ಅಂಗಿಯ ಕುತ್ತಿಗೆಪಟ್ಟಿ ಹಿಡಿದು ಎಬ್ಬಿಸಿದರು. ಕೋಲು ಮುರಿಯಿತು, ಕೆಂಪು ಗೆರೆಗಳ ಅವನ ಕೋಲೇ. ನಾನು ಧೈರ್ಯವಂತನಲ್ಲ. ಆದರೆ ಹೆಣ ಬಿದ್ದ ಅಂಗಳದ ಎದುರು ಯಾರೂ ಸಕ್ಕರೆ ಕೊಳ್ಳುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಅವನನ್ನು ಎಳೆದುಕೊಂಡು ಹೋಗಿ ಅಂಗಡಿಯ ಉಗ್ರಾಣಕ್ಕೆ ನೂಕಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಪಕ್ಕಕ್ಕೆ ಸರಿ ಬದವಿ."

"ಒಳಗೆ ಸಕ್ಕರೆ ಮೂಟೆ ಇದೆ ಕಣ್ರಪ್ಪಾ. ಅವನನ್ನ ಆಮೇಲೆ ಹೊಡೀರಿ, ಮೊದ್ಲು ಶೇಖ್ ಏನಂತಾರೆ ಕೇಳಿ."

ಬಾಗಿಲ ಸಂದಿಯಿಂದ ಮುತಸಿಮ್‌ನ ದನಿ ಬಂತು. "ಹುಳ ಸಾಯೋವಾಗ ಹೊಟ್ಟೆ ನುಲಿಯುತ್ತೆ. ಹೊಟ್ಟೇಲಿ ಊಟ ಇದ್ರೆ ಇಷ್ಟು ಆಗಲ್ಲ. ಅವ್ರು ಉಂಡಿದ್ರಾ? ಅದೊಂದು ಹೇಳ್ರಿ ಸಾಕು, ನಿಜವಾಗ್ಲೂ ಉಂಡಿದ್ರಾ?"

"ಉಂಡಿದೀವಿ ಅಂತ ಮಕ್ಕಳೇ ಹೇಳಿದ್ರಂತಲ್ಲೋ!" ಎಂದು ಅಬ್ಬಶರ್ ಬಾಗಿಲಿಗೆ ಗುದ್ದಿದ. "ಈಗ ತೋಮಾಳ ಹಂಡೆ ಮೇಲೆ ತಪ್ಪು ಹಾಕ್ತಾನೆ ನೋಡಿ, ಕಳ್ಳ!"

ಶೇಖ್ ದಫಲ್ಲಾ ನಡುವೆ ಬಂದು ಕೈ ಎತ್ತಿದರು. ಗಲಾಟೆ ನಿಂತಿತು. "ಇವರು ನನ್ನನ್ನ ನಂಬಿ ಬಿಟ್ಟ ಮಕ್ಕಳು. ಲಾರಿ ಈಗಲೇ ಹೊರಡಲಿ. ಆ ಹುಡುಗನ್ನ ಯಾರೂ ಮುಟ್ಟಬೇಡಿ. ಆದ್ರೆ ಇನ್ನು ಮುಂದೆ ಯಾವ ಮಾತ್ರೆನೂ ಈ ಅಂಗಳದೊಳಗೆ ಬರೋ ಹಾಗಿಲ್ಲ. ನಾನು ಇರೋತನಕ ಇಲ್ಲ, ನನ್ನ ನಂತರಾನೂ ಇಲ್ಲ."

ಶೇಖ್ ಒಮ್ಮೆ ಹಾಗೆ ಹೇಳಿದರೆ ಮುಗಿಯಿತು. ನುಂಗಿದ್ದನ್ನು ಹೆಚ್ಚಿನ ಹುಡುಗರು ನೆಲಕ್ಕೆ ಕಕ್ಕಿದ್ದರು. ಹುಳ ಒಳಗೇ ಉಳಿಯಿತು, ಲಾರಿ ಹೋದರೆ ಮತ್ತೆ ಬರುವುದಿಲ್ಲ.

ಆಗ ಹಿತ್ತಲಿಂದ ತೋಮಾ ಬಂದಳು. ತೋಳಲ್ಲಿ, ಅಂಗಳದಿಂದ ಎತ್ತಿಕೊಂಡಿದ್ದ ಹಸ್ಬೂ. ಕಣ್ಣು ಬಿಟ್ಟಿದ್ದ, ಆದರೆ ಕತ್ತು ನಿಲ್ಲುತ್ತಿರಲಿಲ್ಲ. ಅಷ್ಟು ಜನ ಗಂಡಸರ ನಡುವೆ ಅವಳು ಯಾವತ್ತೂ ಬಂದು ನಿಂತವಳಲ್ಲ. ಮೈಗೆ ಸುತ್ತಿದ ತೋಬಿನ ಸೆರಗು ಜಾರಿತ್ತು, ಮುಖ ಹೊಗೆಮಸಿಯಾಗಿತ್ತು.

"ಶೇಖ್, ಆ ಹುಡುಗ ಸುಳ್ಳು ಹೇಳ್ತಿಲ್ಲ," ಎಂದಳು.

"ಒಳಗೆ ಹೋಗು ತೋಮಾ," ಎಂದ ಅಬ್ಬಶರ್.

"ಹೋಗ್ತೀನಿ, ಹೇಳಿ ಹೋಗ್ತೀನಿ. ಮಕ್ಕಳು ಉಂಡಿಲ್ಲ. ನಿನ್ನೆ ಸಂಜೆಯಿಂದ ಅವ್ರ ಹೊಟ್ಟೆಗೆ ಒಂದು ಅಗುಳು ಬಿದ್ದಿಲ್ಲ. ನನ್ನ ಹಂಡೆ ಇನ್ನೂ ಒಲೆ ಮೇಲೇ ಕುದೀತಾ ಇದೆ. ಬಂದು ನೋಡ್ರಿ."

ಶೇಖ್ ನಿಧಾನವಾಗಿ ಕೇಳಿದರು: "ಮತ್ತೆ 'ತುಂಬಿದೆ' ಅಂದ್ರಲ್ಲ?"

"ನಾನೇ ಕಲಿಸಿದ್ದು." ಅವಳು ಹಸ್ಬೂನನ್ನು ಭುಜಕ್ಕೆ ಎತ್ತಿಕೊಂಡಳು. "ಹಸಿದಿದ್ರೂ ತುಂಬಿದೆ ಅನ್ನಿ ಅಂತ. ನನ್ನ ಮುಖ ಉಳಿಸೋಕೆ. ಉಳಿಸಿದ್ರು ನೋಡಿ, ಪಾಪ, ಒಬ್ಬನೂ ತಪ್ಪಲಿಲ್ಲ."

ಹಸ್ಬೂ ಅವಳ ಭುಜದ ಮೇಲಿಂದ, ಯಾರೂ ಕೇಳದಿದ್ದರೂ, ಕ್ಷೀಣವಾಗಿ ಹೇಳಿದ: "ತುಂಬಿದೆ ಅಜ್ಜಿ."

"ಸುಮ್ನಿರೋ ಕತ್ತೆ," ಎಂದು ಅವಳು ಅತ್ತುಬಿಟ್ಟಳು.

ಒಲೆ ಯಾಕೆ ತಡವಾಯಿತು ಎಂದು ಶೇಖ್ ಕೇಳಿದರು. ತೋಮಾ ಒಮ್ಮೆ ನನ್ನ ಕಡೆ ನೋಡಿದಳು. ಕಡ್ಡಿಪೆಟ್ಟಿಗೆಗಳನ್ನು ನಾನು ಆಗ ಇಡುತ್ತಿದ್ದುದು ನೀರಿನ ದೊಡ್ಡ ಮಡಕೆಯ ಅಡಿಯ ಹಲಗೆಯ ಮೇಲೆ. ಮಡಕೆ ಸದಾ ಬೆವರುತ್ತದೆ. ಹಿಂದಿನ ದಿನ ಅವಳು ಕೊಂಡೊಯ್ದದ್ದು ಅಲ್ಲಿಂದಲೇ.

"ಕೆಂಡ ಆರಿತ್ತು. ನಾನು ನೋಡ್ಕೊಳ್ಳಲಿಲ್ಲ," ಎಂದಳು. ಕಡ್ಡಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಬ್ಬಶರ್ ಗುದ್ದಲಿಯನ್ನು ನೆಲಕ್ಕೆ ಊರಿದ. "ತೋಮಾಳ ಖಲ್ವಾದಲ್ಲಿ ಮಕ್ಕಳು ಹಸ್ಕೊಂಡಿದ್ವಾ!" ಎಂದ, ಮಾತ್ರೆಯ ವಿಷಕ್ಕಿಂತ ಅದೇ ದೊಡ್ಡ ಸುದ್ದಿ ಎನ್ನುವ ಹಾಗೆ. ಅವಳು ತಲೆ ತಗ್ಗಿಸಿ ಆ ಮಾತನ್ನು ತೆಗೆದುಕೊಂಡಳು. ಮೂವತ್ತು ವರ್ಷದ ಗರ್ವ ಒಂದು ಉಸಿರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಶೇಖ್ ನನ್ನತ್ತ ತಿರುಗಿದರು. "ಬಾಗಿಲು ತೆಗಿ ಬದವಿ."

ಮುತಸಿಮ್ ಹೊರಬಂದ, ತಲೆಯ ಮೇಲೆಲ್ಲ ಹಿಟ್ಟು. ವಾಂತಿ ಮಾಡಿದವರು ಈಗ ಉಂಡು ಮತ್ತೆ ನುಂಗಬೇಕು, ಉಳಿದವರು ಉಂಡರೆ ಸಾಕು, ಮೂರು ಗಂಟೆಗೆ ಲಾರಿ ಮುಂದಿನ ಊರಿಗೆ ಹೋಗಲೇಬೇಕು ಎಂದ. ಅಪ್ಪಂದಿರು ಶೇಖರ ಮುಖ ನೋಡಿದರು, ಶೇಖ್ ತೋಮಾಳ ಮುಖ ನೋಡಿದರು.

"ಮೊದಲು ಯಾರ ಮಗುಗೆ?" ಎಂದರು. ಯಾವ ಅಪ್ಪನೂ ಮುಂದೆ ಬರಲಿಲ್ಲ.

"ನನ್ನದಕ್ಕೆ," ಎಂದಳು ತೋಮಾ.

ಅದಾದ ಮೇಲಿನ ಒಂದೂವರೆ ಗಂಟೆ ನನ್ನ ಬದುಕಿನಲ್ಲೇ ಉದ್ದದ್ದು. ಹಂಡೆ ಇಳಿಯಿತು. ಅವಳು ಹಸ್ಬೂನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸಿಮುದ್ದೆ ಊದಿ ಊದಿ ಗುಬ್ಬಿಗೆ ಕೊಟ್ಟ ಹಾಗೆ ಕೊಟ್ಟಳು. ಮೊದಲ ತುತ್ತು ಉಗುಳಿದ. ಎರಡನೆಯದು ಬಾಯಲ್ಲೇ ಇಟ್ಟುಕೊಂಡ. ಮೂರನೆಯದು ಇಳಿಯಿತು. ಅರ್ಧ ಬಟ್ಟಲಾಗುವವರೆಗೆ ಮುತಸಿಮ್ ಕಾದ. ಮಾತ್ರೆಯನ್ನು ಅವನು ಅವಳ ಅಂಗೈಗೆ ಕೊಟ್ಟ, ಅವಳೇ ಹಸ್ಬೂನ ಬಾಯಿಗೆ ಹಾಕಿದಳು. ಆಮೇಲೆ ಅಂಗಳದಲ್ಲಿ ಅಷ್ಟು ಜನ ಗಂಡಸರು ಗುದ್ದಲಿ ಹಿಡಿದುಕೊಂಡೇ ಒಂದು ಮಗುವಿನ ಗಂಟಲನ್ನೇ ನೋಡುತ್ತಾ ಕೂತರು. ಹಸ್ಬೂ ಒಮ್ಮೆ ಓಕರಿಸಿದ. ಎಲ್ಲರೂ ಅರ್ಧ ಎದ್ದರು. ತೇಗಿದ. ಎಲ್ಲರೂ ಕೂತರು. ಹೊಟ್ಟೆ ನೋವು ಎಂದು ಮಂಡಿ ಮಡಚಿದ. ಅಜ್ಜಿ ಅಂಗೈಯಿಂದ ಹೊಟ್ಟೆ ನೀವಿದಳು, ಆ ದಪ್ಪ ಬಲಗೈಯಿಂದಲೇ. ಬಾಯಲ್ಲಿ ಜಪ, ಕಣ್ಣು ಮುತಸಿಮ್ ಮೇಲೆ. ಹಸ್ಬೂಗೇನಾದರೂ ಆದರೆ ಆ ಬಲಗೈ ಯಾರ ಮೇಲೆ ಏಳುತ್ತದೆ ಎಂಬುದರಲ್ಲಿ ಮುತಸಿಮ್‌ಗೂ ಸಂಶಯವಿದ್ದಂತೆ ಕಾಣಲಿಲ್ಲ.

ನಡುಹಗಲಿನ ಪ್ರಾರ್ಥನೆಯ ಕರೆ ಆಯಿತು. ಹಸ್ಬೂ ಎದ್ದು ಕೂತು, "ಇನ್ನೂ ಮುದ್ದೆ ಇದೆಯಾ?" ಎಂದ.

ಕಾಯುತ್ತಿದ್ದ ಅಪ್ಪಂದಿರು ತಂತಮ್ಮ ಮಕ್ಕಳ ಕುತ್ತಿಗೆ ಹಿಡಿದು ಸಾಲಿಗೆ ನೂಕಿದರು. ಕೋಲು ಮುರಿದಿತ್ತಲ್ಲ, ಎರಡು ತುಂಡನ್ನು ಹಗ್ಗದಿಂದ ಕಟ್ಟಿ ನಾನೇ ಹಿಡಿದು ನಿಂತೆ. ಲಾರಿ ಮೂರಕ್ಕೆ ಹೊರಟಿತು.

ಹೋಗುವ ಮುಂಚೆ ಮುತಸಿಮ್ ಇನ್ನೆರಡು ಮಾತು ಹೇಳಿದ. ಕೆಂಪು ತಕ್ಷಣ ನಿಲ್ಲುವುದಿಲ್ಲ, ಕೆಲವು ವಾರ ಬೇಕು. ಮತ್ತೆ ನೀರಿಗಿಳಿದರೆ ಹುಳ ಮತ್ತೆ ಬರುತ್ತದೆ. ನಮ್ಮ ಹುಡುಗರು ದಿನಾ ನಡುಹಗಲಿಗೆ ಪಾಠ ಬರೆಯುವ ಮರದ ಹಲಗೆ ತೊಳೆಯಲು ಕಾಲುವೆಗೆ ಇಳಿಯುತ್ತಿದ್ದರು. ಬರೆದ ದೇವರ ಮಾತು ತೊಳೆದ ನೀರು ಯಾರ ಕಾಲಡಿಗೂ ಬೀಳಬಾರದು, ಹಾಗಾಗಿ ಮೊಣಕಾಲುದ್ದ ನೀರಿಗೆ ಹೋಗಿಯೇ ತೊಳೆಯಬೇಕು. ಹುಳ ನೀರಲ್ಲಿ ಹೆಚ್ಚು ಓಡಾಡುವುದೂ ಅದೇ ಹೊತ್ತಿಗಂತೆ. ತೋಮಾ ಶೇಖರ ಜೊತೆ ವಾದ ಮಾಡಲಿಲ್ಲ. ಬೇವಿನ ಬುಡಕ್ಕೆ ಮಣ್ಣಿನ ಬಾನಿ ಕಟ್ಟಿ, ಸುತ್ತ ಮುಳ್ಳು ಹಾಕಿದಳು. "ಇಲ್ಲಿ ಯಾರ ಕಾಲು ಬೀಳುತ್ತೆ? ನೀರು ಬೇರಿಗೆ ಹೋಗುತ್ತೆ, ಮರ ಓದಲಿ ಬಿಡಿ," ಎಂದಳು. ಶೇಖ್ ನಕ್ಕದ್ದನ್ನು ನಾನು ಆ ಒಂದು ಸಲ ನೋಡಿದ್ದು. ಹುಡುಗರು ಈಜಲು ಕದ್ದು ಹೋಗುವುದು ಪೂರಾ ನಿಂತಿತು ಎಂದರೆ ಸುಳ್ಳಾದೀತು. ಆದರೆ ಅಜ್ಜಿ ಎಡಗೈ ಎತ್ತಿಕೊಂಡು ದಂಡೆಯಲ್ಲಿ ನಿಂತಿರುತ್ತಿದ್ದಳು.

ಲಾರಿ ಹೋದ ಅದೇ ಸಂಜೆ ಅವಳು ನನ್ನ ಅಂಗಡಿಗೆ ಬಂದು ಕಡ್ಡಿಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟಳು. "ಮಡಕೆ ಕೆಳಗಿಂದ ಎತ್ತಿಡೋ," ಎಂದಳು. ಅಷ್ಟೇ. ಅಂದಿನಿಂದ ನನ್ನ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆ ಸೂರಿನ ಕೆಳಗೆ, ಸಕ್ಕರೆಗಿಂತ ಎತ್ತರದಲ್ಲಿದೆ.

ಆಮೇಲಿನ ವಾರಗಳಲ್ಲಿ ಊರಿಗೆ ಒಂದು ಹೊಸ ಕಾಟ ಶುರುವಾಯಿತು. ತೋಮಾ ದಿನಾ ಹಸ್ಬೂನ ಮೂತ್ರವನ್ನು ಗಾಜಿನ ಸೀಸೆಗೆ ಹಿಡಿದು, ಬಿಸಿಲಿಗೆ ಎತ್ತಿ, ನಾನು ಗಿರಾಕಿಗೆ ಎಳ್ಳೆಣ್ಣೆ ತೋರಿಸುವ ಹಾಗೆ ದಾರಿಹೋಕರಿಗೆಲ್ಲ ತೋರಿಸುತ್ತಿದ್ದಳು. ಮೊದಲ ವಾರ ಕೆಂಪೇ. ಎರಡನೆಯ ವಾರವೂ ಕೆಂಪು. ಅಬ್ಬಶರ್ ದಿನಾ ಬಂದು ನೋಡಿ ತಲೆಯಾಡಿಸಿ ಹೋಗುತ್ತಿದ್ದ. ಅವಳು ಸೊರಗಿದಳು. ನಾಲ್ಕನೆಯ ವಾರ ಚಹಾದ ಬಣ್ಣಕ್ಕೆ ಬಂತು. ಆರನೆಯ ವಾರ ಒಂದು ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮುಂಚೆಯೇ ಬಂದು ಬಡಿದಳು.

"ನೋಡೋ ಬದವಿ. ಆಚೆ ಕಡೆಯ ಗೋಡೆ ಕಾಣ್ಸುತ್ತೆ."

ನಿಜವಾಗಿಯೂ ಕಾಣಿಸಿತು. ಹಸ್ಬೂ ಹಿಂಗೋಡೆಯ ಬಳಿ ನಿಂತು, ಕೈ ಊರದೆ, ಹಣೆ ಒತ್ತದೆ, ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದ.

ಮರುವರ್ಷ ಮುತಸಿಮ್ ಹೊಸ ಕೋಲು ಹಿಡಿದು ಬಂದ. ಅಂದು ಹಂಡೆ ಬೆಳಕು ಹರಿಯುವ ಮೊದಲೇ ಇಳಿದಿತ್ತು. ಹುಡುಗರು ಎರಡೆರಡು ಸಲ ಉಂಡು ತೇಗುತ್ತಾ ಸಾಲಾಗಿ ಕೂತಿದ್ದರು, ಕೆಲವರ ಗಲ್ಲದ ಮೇಲೆ ಸಾರು ಇನ್ನೂ ಹಸಿಯಾಗಿತ್ತು. ಮುತಸಿಮ್ ದೂರದಲ್ಲೇ ನಿಂತು, ಒಂದು ಕಣ್ಣು ತೋಮಾಳ ಮೇಲಿಟ್ಟು ಕೇಳಿದ:

"ಮಕ್ಕಳೇ, ಊಟ ಆಯ್ತಾ?"

ಈ ವರ್ಷ ತೋಮಾ ಹೊಸ ಪಾಠ ಕಲಿಸಿದ್ದಳು. ಅದನ್ನೂ ಯಾರೂ ತಪ್ಪಲಿಲ್ಲ. ಬೇವಿನ ಪಾರಿವಾಳಗಳು ಮತ್ತೆ ಹಾರಿದವು.

"ಹಸಿವು ಅಣ್ಣಾ! ಸತ್ತೇ ಹೋಗ್ತೀವಿ!"

ಶೇಖ್ ಬೆಚ್ಚಿ ನೋಡಿದರು. ತೋಮಾ ಹಣೆ ಚಚ್ಚಿಕೊಂಡು, "ಹಸಿದಿದ್ರೆ ಹೇಳಿ ಅಂದಿದ್ದು, ಸುಳ್ಳು ಹೇಳಿ ಅಂತಲ್ಲ ಕಣ್ರೋ!" ಎಂದು ಎಡಗೈ ಎತ್ತಿದಳು. ಆಮೇಲೆ ಹಿತ್ತಲಿಗೆ ಹೋಗಿ ಎರಡನೆಯ ಹಂಡೆ ಏರಿಸಿದಳು. ಅತಿಥಿಯ ಎದುರು ಹಸಿವೆ ಎಂದ ಮಕ್ಕಳನ್ನು ಹಾಗೇ ಬಿಡುವುದು ಅವಳಿಗೆ ಈಗಲೂ ಆಗುತ್ತಿರಲಿಲ್ಲ.